ಒಂದೇ ಗಿಟಾರ್ ಸಾಕಾ?

ಸಂಗೀತಗಾರರಿಗೆ ಒಂದೇ ಗಿಟಾರ್ ಇದ್ರೆ ಒಳ್ಳೇದಾ, ಹತ್ತಾರು ಬೇಕಾ? ಅಮೆರಿಕದ ಇಬ್ಬರ ಕಥೆ ಹೇಳ್ತೀನಿ, ಕೇಳಿ.

ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ 1969ರಲ್ಲಿ ಒಂದು ಮಾರ್ಟಿನ್ ಗಿಟಾರ್ ಕೊಂಡರು. ಹೆಸರು ‘ಟ್ರಿಗರ್’. ಬೆರಳಲ್ಲಿ ಮೀಟಬೇಕಾದ ನೈಲಾನ್ ತಂತಿಯ ವಾದ್ಯ ಅದು. ಇವರು ಪಿಕ್ ಹಿಡಿದು ಮೀಟಿ ಮೀಟಿ ಮರದಲ್ಲಿ ತೂತೇ ಬಿದ್ದಿದೆ! ಆ ನಾದ ಬೇರೆ ಗಿಟಾರಲ್ಲಿ ಬರಲ್ಲ. ಕಳೆದುಕೊಳ್ಳುವ ಭಯವೂ ಅಷ್ಟೇ ದೊಡ್ಡದು. 1990ರಲ್ಲಿ ತೆರಿಗೆ ಇಲಾಖೆ ಆಸ್ತಿ ಜಪ್ತಿ ಮಾಡುವ ಮುನ್ನವೇ ಮಗಳು ಲಾನಾ ಅದನ್ನು ಹವಾಯಿಗೆ ಸಾಗಿಸಿದ್ದರು.

ಬ್ಲೂಸ್ ಕಲಾವಿದ ಬಿ.ಬಿ. ಕಿಂಗ್ ದಾರಿ ಬೇರೆ. 1949ರ ಚಳಿಗಾಲ. ಅರ್ಕಾನ್ಸಾಸ್‌ನ ಟ್ವಿಸ್ಟ್ ಎಂಬ ಊರಲ್ಲಿ ಅವರು ನುಡಿಸುತ್ತಿದ್ದಾಗ, ಇಬ್ಬರು ಗಂಡಸರ ಜಗಳದಲ್ಲಿ ಉರಿಯುವ ಸೀಮೆಎಣ್ಣೆ ಉರುಳಿ ಕಟ್ಟಡಕ್ಕೇ ಬೆಂಕಿ. ಹೊರಗೆ ಓಡಿಬಂದ ಕಿಂಗ್ ಗಿಟಾರ್‌ಗಾಗಿ ಮತ್ತೆ ಒಳಗೆ ನುಗ್ಗಿದರು. ಜಗಳ ನಡೆದಿದ್ದು ಲುಸಿಲ್ ಎಂಬಾಕೆಗಾಗಿ. ಮುಂದೆ ತಮ್ಮ ಗಿಟಾರ್‌ಗಳಿಗೆಲ್ಲ ಅವರು ಇಟ್ಟಿದ್ದು ಅದೇ ಹೆಸರು. ಗಿಟಾರ್ ಬದಲಾಯ್ತು, ತಂತಿಯ ಮೇಲೆ ಅವರ ಎಡಗೈ ಬೆರಳಿನ ಆ ಕಂಪನ ಬದಲಾಗಲಿಲ್ಲ.

ನನ್ನ ಲೆಕ್ಕ ಇಷ್ಟೇ: ನಾದ ಬೆರಳಿಗೆ ಇಳಿಯುವವರೆಗೆ ಒಂದೇ ಗಿಟಾರ್ ಇರಲಿ. ಇಳಿದ ಮೇಲೆ ಎರಡನೆಯದು ಬಂದರೂ ನಷ್ಟವಿಲ್ಲ.