ಪುಕ್ಕಟೆ ಟೀವಿಯ ಲೆಕ್ಕ: ದುಡ್ಡು ಕೊಟ್ಟವರು ಯಾರು?

ಈಚೆಗೆ ಯಾರ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತಿದೆ. "ಕೇಬಲ್ ತೆಗೆಸಿಬಿಟ್ವಿ ಕಣ್ರೀ. ಎಲ್ಲಾ ಮೊಬೈಲಲ್ಲೇ ಫ್ರೀಯಾಗಿ ಬರುತ್ತೆ, ಅವನಿಗ್ಯಾಕೆ ತಿಂಗಳು ತಿಂಗಳು ದುಡ್ಡು ಕೊಡೋದು?" ಕೇಳಿದರೆ ನ್ಯಾಯವಾದ ಮಾತೇ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂದು ಗಾದೆ ಕಟ್ಟಿದ ಜನ ನಾವು! ಆದರೆ ನನಗೆ ಮೊದಲಿನಿಂದಲೂ ಈ "ಫ್ರೀ" ಅನ್ನುವ ಪದದ ಮೇಲೆ ಒಂದು ಗುಮಾನಿ. ಹಾಗಾಗಿ ನಮ್ಮ ದೇಶದ ಟೀವಿಯ ಚರಿತ್ರೆಯನ್ನು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ನೋಡೋಣ ಅನ್ನಿಸಿತು. ಪ್ರಶ್ನೆ ಇಷ್ಟೇ: ನಾವು ನೋಡಿದ್ದಕ್ಕೆ ದುಡ್ಡು ಕೊಟ್ಟವರು ಯಾರು?

ಮೊದಲಿಂದ ಶುರು ಮಾಡೋಣ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಕನ್ನಡ ಟೀವಿ ನೋಡುತ್ತಿದ್ದರು ಎಂದರೆ ನಂಬುತ್ತೀರಾ? ಅದು "ಸೈಟ್" ಎಂಬ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ದೊಡ್ಡ ಆಂಟೆನಾ ನಿಲ್ಲಿಸಿ, ಊರಿಗೊಂದು ಸೆಟ್ ಇಟ್ಟು, ಬೇಸಾಯ, ಆರೋಗ್ಯ, ಮಕ್ಕಳ ಪಾಠ ತೋರಿಸಿದರು. ನೋಡಿದವರು ಒಂದು ಕಾಸು ಕೊಡಲಿಲ್ಲ. ಕೊಟ್ಟದ್ದು ಸರ್ಕಾರ, ಅಂದರೆ ದೇಶದ ತೆರಿಗೆದಾರರು. ವರ್ಷ ಮುಗಿಯಿತು, ಎರವಲು ತಂದ ಉಪಗ್ರಹ ವಾಪಸ್ಸು ಹೋಯಿತು, ಉಪಗ್ರಹದ ಟೀವಿಯೂ ನಿಂತಿತು. ನಿಲ್ಲಿಸಬೇಡಿ ಎನ್ನಲು ಆ ಹಳ್ಳಿಯವರ ಕೈಯಲ್ಲಿ ಏನೂ ಇರಲಿಲ್ಲ. ಈ ಸಂಗತಿ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಟ್ಟಣದವರ ಕತೆ ಬೇರೆ. ಅವರಿಗೆ ಲೈಸೆನ್ಸು ಇತ್ತು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ, ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸು ಬೇಕಿತ್ತು ಈ ದೇಶದಲ್ಲಿ! ರೇಡಿಯೋಗೆ ವರ್ಷಕ್ಕೆ 15 ರೂಪಾಯಿ, ಟೀವಿಗೆ 50. ಪೋಸ್ಟಾಫೀಸಿಗೆ ಹೋಗಿ ಕಟ್ಟಿ, ಪುಸ್ತಕದಲ್ಲಿ ನಮೂದು ಮಾಡಿಸಿಕೊಂಡು ಬರಬೇಕು. 1980ರ ದಶಕದ ನಡುವೆ ಇದನ್ನು ಕೈಬಿಟ್ಟರು. ಜನ "ಟೀವಿ ಫ್ರೀ ಆಯ್ತು" ಎಂದುಕೊಂಡರು. ನಿಜವಾಗಿ ಆದದ್ದೇನೆಂದರೆ, 1976ರಲ್ಲೇ ಜಾಹೀರಾತು ತೆಗೆದುಕೊಳ್ಳಲು ಶುರು ಮಾಡಿದ್ದ ದೂರದರ್ಶನಕ್ಕೆ "ಹಮ್ ಲೋಗ್", "ರಾಮಾಯಣ"ಗಳ ಹೊತ್ತಿಗೆ ಜಾಹೀರಾತಿನ ದುಡ್ಡು ಚೆನ್ನಾಗಿಯೇ ಬರತೊಡಗಿತ್ತು. ಆ ದುಡ್ಡು ಸಾಬೂನು, ಹಲ್ಲುಪುಡಿ, ನೂಡಲ್ಸ್ ಮಾರುವವರದ್ದು. ಅವರು ಅದನ್ನು ವಸೂಲಿ ಮಾಡುವುದು ಸಾಬೂನಿನ ಬೆಲೆಯಲ್ಲಿ. ಅಂದರೆ ನಾವು ಪೋಸ್ಟಾಫೀಸಿನಲ್ಲಿ ಕಟ್ಟುವುದನ್ನು ಬಿಟ್ಟು ಕಿರಾಣಿ ಅಂಗಡಿಯಲ್ಲಿ ಕಟ್ಟಲು ಶುರು ಮಾಡಿದೆವು. ಮನೆಯಲ್ಲಿ ಟೀವಿಯೇ ಇಲ್ಲದವರೂ ಕಟ್ಟಿದರು, ಪಾಪ.

ಇನ್ನು ನಮ್ಮ ಕೇಬಲ್‌ನವನ ವಿಷಯ. ಇವತ್ತು "ಪುಕ್ಕಟೆ ಆ್ಯಪುಗಳಿಂದ ನಮ್ಮ ಹೊಟ್ಟೆ ಮೇಲೆ ಕಲ್ಲು ಬಿತ್ತು" ಎಂದು ಗೋಳಾಡುತ್ತಿರುವ ಇದೇ ಕೇಬಲ್ ಧಂದೆ ಹುಟ್ಟಿದ್ದೇ ಪುಕ್ಕಟೆ ಮಾಲಿನಿಂದ ಎಂಬುದು ಚರಿತ್ರೆಯ ತಮಾಷೆ. 1980ರ ದಶಕದಲ್ಲಿ ಮುಂಬಯಿಯಂಥ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಯಾರೋ ಒಬ್ಬ ವಿಸಿಆರ್ ಇಟ್ಟುಕೊಂಡು, ಮನೆಮನೆಗೆ ವೈರು ಎಳೆದು, ಕ್ಯಾಸೆಟ್ ಹಾಕಿ ಸಿನಿಮಾ ತೋರಿಸುತ್ತಿದ್ದ. ಎಷ್ಟೋ ಸಲ ಆ ಸಿನಿಮಾದ ನಿರ್ಮಾಪಕನಿಗೆ ಅದರಲ್ಲಿ ಬಿಡಿಗಾಸೂ ಹೋಗುತ್ತಿರಲಿಲ್ಲ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಶುರುವಾಯಿತು. ಯುದ್ಧವನ್ನು ಸಿಎನ್‌ಎನ್‌ನಲ್ಲಿ ನೇರ ನೋಡಬಹುದು ಎಂದು ಗೊತ್ತಾದದ್ದೇ ಡಿಶ್‌ಗಳು ಎದ್ದವು. ಅದೇ ವರ್ಷ ಸ್ಟಾರ್ ಟೀವಿ, 1992ರಲ್ಲಿ ಜೀ, 1994ರಲ್ಲಿ ನಮ್ಮ ಉದಯ. ಮೊದಲಿಗೆ ಸ್ಟಾರ್‌ನವರು ಆಕಾಶದಿಂದ ಯಾರು ಬೇಕಾದರೂ ಹಿಡಿದುಕೊಳ್ಳಲಿ ಎಂದೇ ಬಿಟ್ಟಿದ್ದರು. ಅವರಿಗೆ ಬೇಕಿದ್ದದ್ದು ಜಾಹೀರಾತಿಗೆ ಕಣ್ಣುಗಳು. ಕೇಬಲ್‌ನವನು ವಸೂಲಿ ಮಾಡುತ್ತಿದ್ದದ್ದು ಡಿಶ್ಶಿಗೆ, ವೈರಿಗೆ, ಕಂಬ ಹತ್ತಿದ ಕೂಲಿಗೆ.

ನಮ್ಮ ಬೀದಿಯಲ್ಲಿ ಆ ವೈರು ಕರೆಂಟು ಕಂಬದಿಂದ ತೆಂಗಿನ ಮರಕ್ಕೆ, ಮರದಿಂದ ತಾರಸಿಗೆ ಹಾರಿಕೊಂಡು ಬರುತ್ತಿತ್ತು. ಮಳೆಗಾಲದಲ್ಲಿ ಚಿತ್ರದ ತುಂಬ ಇರುವೆ ಹರಿದಾಡುತ್ತಿದ್ದವು. ಆದರೆ ಕರೆದರೆ ಹುಡುಗ ಬರುತ್ತಿದ್ದ, ಸಂಬಳ ತಡವಾದರೆ "ಮುಂದಿನ ವಾರ ಬರ್ತೀನಿ ಬಿಡಿ ಅಕ್ಕಾ" ಅನ್ನುತ್ತಿದ್ದ. ದುಡ್ಡು ತೆಗೆದುಕೊಳ್ಳುವವನಿಗೂ ಒಂದು ಮುಖ ಇತ್ತು.

ಸರ್ಕಾರ ಕಣ್ಣು ಬಿಟ್ಟದ್ದು 1995ರಲ್ಲಿ. ಕೇಬಲ್ ಟೆಲಿವಿಷನ್ ಕಾಯಿದೆ ಬಂತು. ಆಪರೇಟರು ನೋಂದಣಿ ಮಾಡಿಸಬೇಕು, ದೂರದರ್ಶನದ ಚಾನೆಲ್ ಕಡ್ಡಾಯ ತೋರಿಸಬೇಕು. ನೋಂದಣಿ ಎಲ್ಲಿ ಅಂತೀರಾ? ಮುಖ್ಯ ಅಂಚೆ ಕಚೇರಿಯಲ್ಲಿ! ಹಳೇ ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ನಿಲ್ಲುತ್ತಿದ್ದ ಪೋಸ್ಟಾಫೀಸೇ. ಅದೇ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಒಂದು ದೊಡ್ಡ ಮಾತು ಹೇಳಿತ್ತು: ಆಕಾಶದ ತರಂಗಗಳು ಸಾರ್ವಜನಿಕರ ಆಸ್ತಿ. ಅವು ಸರ್ಕಾರದ ಸ್ವಂತದ್ದೂ ಅಲ್ಲ, ಯಾವ ಸಾಹುಕಾರನದ್ದೂ ಅಲ್ಲ.

ಆಮೇಲೆ ಒಂದೊಂದೇ ಚಾನೆಲ್ ದುಡ್ಡು ಕೇಳತೊಡಗಿತು. ಆಗ ಶುರುವಾಯಿತು ನೋಡಿ ಲೆಕ್ಕದ ಆಟ. ಮುನ್ನೂರು ಮನೆಗೆ ವೈರು ಎಳೆದವನು ಚಾನೆಲ್‌ನವರಿಗೆ ನೂರೇ ಮನೆ ಎಂದು ತೋರಿಸಿದರೆ ಕೇಳುವವರಿಲ್ಲ, ಯಾಕೆಂದರೆ ವೈರಿನ ಆ ತುದಿಯಲ್ಲಿ ಎಷ್ಟು ಟೀವಿ ಇವೆ ಎಂದು ಎಣಿಸುವ ಉಪಾಯವೇ ಇರಲಿಲ್ಲ. ಚಾನೆಲ್‌ನವರು "ಕಳ್ಳತನ" ಎಂದರು. ಆಪರೇಟರುಗಳು "ನೀವು ರೇಟು ಏರಿಸ್ತಾ ಹೋದ್ರೆ ಗಿರಾಕಿಗೆ ಉತ್ತರ ಹೇಳೋರು ನಾವು" ಎಂದರು. ಇಬ್ಬರ ಮಾತಿನಲ್ಲೂ ನಿಜ ಇತ್ತು. ಒಂದನ್ನು ಮಾತ್ರ ಯಾರೂ ಹೇಳಲಿಲ್ಲ: ಆ ಸುಳ್ಳು ಲೆಕ್ಕದಲ್ಲಿ ನಮಗೂ ಪಾಲಿತ್ತು. ಅಷ್ಟು ಕಡಿಮೆ ದುಡ್ಡಿಗೆ ಅಷ್ಟೊಂದು ಚಾನೆಲ್ ಸಿಕ್ಕಿದ್ದು ಸುಮ್ಮನೆ ಅಲ್ಲ.

ಲೆಕ್ಕ ಸರಿಪಡಿಸಲು ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಮಾಡಿದರು. ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31 ಗಡುವಾಗಿತ್ತು. ಹಳ್ಳಿಗಳಿಗೆ ಅದು ಬಂದದ್ದು 2017ಕ್ಕೆ. 2019ರ ಫೆಬ್ರವರಿಯಿಂದ ಟ್ರಾಯ್ ಹೊಸ ದರಪಟ್ಟಿ ತಂದಿತು. ನೂರು ಚಾನೆಲ್ ತಲುಪಿಸುವುದಕ್ಕೆ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಪೇ ಚಾನೆಲ್ ಬೇಕಾದರೆ ಅದರ ಬೆಲೆ ಬೇರೆ. ಅಂತೂ ಪ್ರತಿ ಮನೆಯೂ ಲೆಕ್ಕಕ್ಕೆ ಬಂತು, ಪ್ರತಿ ಚಾನೆಲ್ಲಿಗೂ ಬೆಲೆಚೀಟಿ ಅಂಟಿತು. ಟೀವಿಯ ಚರಿತ್ರೆಯಲ್ಲಿ ಇಷ್ಟು ಚೊಕ್ಕ ಲೆಕ್ಕ ಹಿಂದೆಂದೂ ಇರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಗಿರಾಕಿ ಎದ್ದು ಹೊರಟಿದ್ದ.

ಹೊರಟದ್ದು ಎಲ್ಲಿಗೆ? ಮೊಬೈಲಿಗೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು, ಮುಂದಿನ ಮಾರ್ಚ್‌ವರೆಗೆ ಡೇಟಾ ಪುಕ್ಕಟೆ ಹಂಚಿದ ಮೇಲೆ ವಿಡಿಯೋ ನೋಡುವುದು ನೀರು ಕುಡಿದಷ್ಟು ಸಲೀಸಾಯಿತು. 2022ರಲ್ಲಿ ಐಪಿಎಲ್ ಹಕ್ಕಿನ ಹರಾಜಿನಲ್ಲಿ ಐದು ವರ್ಷದ ಟೀವಿ ಹಕ್ಕು ಡಿಸ್ನಿ ಸ್ಟಾರ್‌ಗೆ 23,575 ಕೋಟಿಗೆ ಹೋಯಿತು. ಡಿಜಿಟಲ್ ಹಕ್ಕನ್ನು ರಿಲಯನ್ಸ್ ಬಳಗದ ವಯಾಕಾಮ್18 ಕೊಂಡದ್ದು 23,758 ಕೋಟಿಗೆ. ಟೀವಿಗಿಂತ ಹೆಚ್ಚು! ಇಷ್ಟು ಸುರಿದು ಕೊಂಡ ಆಟವನ್ನು 2023ರಲ್ಲೂ 2024ರಲ್ಲೂ ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಅದಕ್ಕೆ ಉತ್ತರವಾಗಿ ಹಾಟ್‌ಸ್ಟಾರ್ 2023ರ ವಿಶ್ವಕಪ್ಪನ್ನು ಮೊಬೈಲಿನಲ್ಲಿ ಪುಕ್ಕಟೆ ಬಿಟ್ಟಿತು. ಅದೇ ಪಂದ್ಯವನ್ನು ಅದೇ ಕಂಪನಿಯ ಚಾನೆಲ್ಲಿನಲ್ಲಿ ಕೇಬಲ್ ಮೂಲಕ ನೋಡುವವನು ಮಾತ್ರ ದುಡ್ಡು ಕೊಟ್ಟೇ ನೋಡಬೇಕು. ಕೇಬಲ್‌ನವನ ಕೈಯನ್ನು ಟ್ರಾಯ್ ದರಪಟ್ಟಿ ಕಟ್ಟಿತ್ತು, ಆ್ಯಪಿಗೆ ಅಂಥ ಯಾವ ಕಟ್ಟೂ ಇರಲಿಲ್ಲ. ಕೇಬಲ್ ಒಕ್ಕೂಟದವರು ಇದೇ ದೂರು ಹಿಡಿದು ಟಿಡಿಸ್ಯಾಟ್ ನ್ಯಾಯಮಂಡಳಿಗೆ ಹೋದರು.

ಮುಂದೇನಾಯಿತು ನೋಡಿ. 2024ರ ನವೆಂಬರಿನಲ್ಲಿ ಎರಡೂ ಕಂಪನಿಗಳ ವಿಲೀನ ಮುಗಿಯಿತು. 2025ರ ಫೆಬ್ರವರಿಯಲ್ಲಿ ಎರಡೂ ಆ್ಯಪು ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಪೈಪೋಟಿ ಮುಗಿಯಿತು, ಜೊತೆಗೆ ಪುಕ್ಕಟೆಯೂ. ಆ ವರ್ಷದ ಐಪಿಎಲ್ ಸ್ವಲ್ಪ ಹೊತ್ತು ಬಿಟ್ಟಿ, ಆಮೇಲೆ ಚಂದಾ ಕಟ್ಟಬೇಕು, ಇಲ್ಲವೇ ಅವರು ಹೇಳಿದ ರೀಚಾರ್ಜ್ ಹಾಕಿಸಬೇಕು. ನಮ್ಮ ಆರ್‌ಸಿಬಿ ಹದಿನೆಂಟನೇ ಸಲಕ್ಕೆ ಕಪ್ ಎತ್ತಿದ್ದು ಸರಿಯಾಗಿ ಅದೇ ವರ್ಷ! ಪುಕ್ಕಟೆ ಇದ್ದಾಗ ಸೋತು, ದುಡ್ಡು ಕಟ್ಟಿದಾಗ ಗೆದ್ದರು.

ಈ ನಡುವೆ ಕೇಬಲ್, ಡಿಟಿಎಚ್ ಸೇರಿ ದುಡ್ಡು ಕಟ್ಟಿ ಟೀವಿ ನೋಡುವ ಮನೆಗಳು 2018ರಲ್ಲಿ ಸುಮಾರು 15 ಕೋಟಿ ಇದ್ದವು, 2024ಕ್ಕೆ ಸುಮಾರು 11 ಕೋಟಿಗೆ ಇಳಿದವು ಎಂದು ಕೇಬಲ್ ಉದ್ಯಮದ ವರದಿಯೇ ಹೇಳುತ್ತದೆ. ಕೆಲವು ಆಪರೇಟರುಗಳು ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್ನೆಟ್ ಕೊಡಲು ಶುರು ಮಾಡಿ ಬದುಕಿಕೊಂಡರು. ಎಷ್ಟೋ ಜನ ಅಂಗಡಿ ಮುಚ್ಚಿದರು. ಅವರ ಜೊತೆಗೆ ಹೋದದ್ದು ಊರಿನ ಲೋಕಲ್ ಚಾನೆಲ್. ಊರ ಜಾತ್ರೆಯ ತೇರು, ಪುರಸಭೆಯ ಜಗಳ, ಶಾಲೆಯ ವಾರ್ಷಿಕೋತ್ಸವ ತೋರಿಸುತ್ತಿದ್ದದ್ದು ಅದೊಂದೇ. ಯಾವ ಆ್ಯಪಿಗೂ ಆ ಊರಿನ ಹೆಸರು ಗೊತ್ತಿಲ್ಲ.

ಹಾಗಾದರೆ ಪುಕ್ಕಟೆ ನೋಡುವುದು ತಪ್ಪೇ? ನನ್ನ ಲೆಕ್ಕದಲ್ಲಿ ಪುಕ್ಕಟೆ ಮೂರು ಥರ. ಮೊದಲನೆಯದು ಕದ್ದದ್ದು: ಟೆಲಿಗ್ರಾಂನಲ್ಲಿ ಬಿಡುಗಡೆಯ ದಿನವೇ ಹರಿದಾಡುವ ಸಿನಿಮಾ. "ದೊಡ್ಡ ಹೀರೋಗೆ ಏನೂ ಆಗಲ್ಲ" ಅನ್ನುತ್ತಾರೆ. ದೊಡ್ಡ ಹೀರೋ ಸಂಬಳ ಮೊದಲೇ ತೆಗೆದುಕೊಂಡಿರುತ್ತಾನೆ ಸ್ವಾಮೀ, ಏಟು ಬೀಳುವುದು ಮುಂದಿನ ಸಣ್ಣ ಚಿತ್ರಕ್ಕೆ ಬಂಡವಾಳ ಹುಡುಕುವವನಿಗೆ. ಕನ್ನಡದಂಥ ಸಣ್ಣ ಮಾರುಕಟ್ಟೆಯಲ್ಲಂತೂ ಇದು ಇನ್ನೂ ನಿಜ. ಎರಡನೆಯದು ಎರೆಹುಳು ಪುಕ್ಕಟೆ: ಗಾಳದ ತುದಿಯಲ್ಲಿರುವುದು. ತಿನ್ನುವ ಮೀನಿನದು ಕಳ್ಳತನವೇನಲ್ಲ, ಆದರೆ ಗಾಳ ಹಾಕಿದವನು ಎಂದಾದರೂ ದಾರ ಎಳೆಯುತ್ತಾನೆ. ಎಳೆಯುವ ಹೊತ್ತಿಗೆ ಪಕ್ಕದಲ್ಲಿ ಬೇರೆ ಅಂಗಡಿ ಉಳಿದಿರುವುದಿಲ್ಲ.

ಮೂರನೆಯದು ಸಾರ್ವಜನಿಕ ಪುಕ್ಕಟೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ, ಈಗ ಡಿಡಿ ಫ್ರೀ ಡಿಶ್ ಎಂದು ಕರೆಸಿಕೊಳ್ಳುವ ಸೇವೆ. ಡಿಶ್ಶು, ಬಾಕ್ಸಿಗೆ ಒಂದು ಸಲ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದೆ ಎಂದು ಅಂದಾಜು. ಖಾಸಗಿ ಚಾನೆಲ್ಲುಗಳು ಹರಾಜಿನಲ್ಲಿ ಜಾಗ ಕೊಂಡು ಇದರಲ್ಲಿ ಬರುತ್ತವೆ, ಆ ದುಡ್ಡು ಪ್ರಸಾರ ಭಾರತಿಗೆ. ದೇಶದ ಮಹತ್ವದ ಪಂದ್ಯಗಳ ಪ್ರಸಾರವನ್ನು ಹಕ್ಕು ಕೊಂಡವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು ಎಂದು 2007ರ ಕಾಯಿದೆ ಹೇಳುತ್ತದೆ. ಆದರೆ ಹಾಗೆ ಹಂಚಿಕೊಂಡ ಪಂದ್ಯವನ್ನು ದೂರದರ್ಶನದ ಚಾನೆಲ್ ಮೂಲಕವೂ ಕೇಬಲ್‌ನವನು ತನ್ನ ವೈರಿನಲ್ಲಿ ಬಿಡುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಂದರೆ ಗೋಧಿ ಹೊಲದ ಗುಡಿಸಲಲ್ಲಿ ಫ್ರೀ ಡಿಶ್ ಇದ್ದರೆ ಭಾರತದ ಪಂದ್ಯ ಪುಕ್ಕಟೆ, ಊರೊಳಗೆ ಕೇಬಲ್ ಇದ್ದರೆ ಅದೇ ಪಂದ್ಯಕ್ಕೆ ದುಡ್ಡು!

ಈ ಮೂರನೆಯದೂ ನಿಜವಾಗಿ ಪುಕ್ಕಟೆ ಅಲ್ಲ, ತೆರಿಗೆ ಇದೆ, ಜಾಹೀರಾತು ಇದೆ. ಸರ್ಕಾರದ ತುತ್ತೂರಿ ಎಂಬ ದೂರೂ ಇದೆ. ಆದರೂ ಒಂದು ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಫ್ರೀ ಡಿಶ್ ನಿಲ್ಲಿಸುತ್ತೇವೆ ಎಂದು ನಾಳೆ ಹೊರಟರೆ ಸಂಸತ್ತಿನಲ್ಲಿ ಒಬ್ಬ ಎದ್ದು "ಯಾಕೆ?" ಅನ್ನಬಹುದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಲೆಕ್ಕ ಕೇಳಬಹುದು. ಆ್ಯಪಿನವನು ಪುಕ್ಕಟೆ ನಿಲ್ಲಿಸಿದಾಗ ನಾವು ಯಾರನ್ನು ಕೇಳಿದೆವು? ರಾಯಚೂರಿನ ಹಳ್ಳಿಯವರು 1976ರಲ್ಲಿ ಸುಮ್ಮನೆ ನಿಂತ ಹಾಗೆ ನಿಂತೆವು.

ಹಾಗಾಗಿ ಕೇಬಲ್ ತೆಗೆಸಬೇಡಿ ಎಂದು ನಾನು ಹೇಳುವುದಿಲ್ಲ. ಅದು ಅವರವರ ಜೇಬಿನ ವಿಷಯ, ಕೇಬಲ್‌ನವನೇನೂ ಹರಿಶ್ಚಂದ್ರನಾಗಿರಲಿಲ್ಲ. ನನ್ನ ತಕರಾರು ಇಷ್ಟೇ: "ಫ್ರೀ" ಎಂದಾಗ ಹಿಂದೆಯೇ ಇನ್ನೆರಡು ಪ್ರಶ್ನೆ ಕೇಳಿ. ದುಡ್ಡು ಕೊಡುತ್ತಿರುವವರು ಯಾರು? ಅವರು ಕೊಡುವುದನ್ನು ನಿಲ್ಲಿಸಿದ ದಿನ ನಾವು ಲೆಕ್ಕ ಕೇಳಬಹುದಾದ ಜಾಗ ಯಾವುದು? ಎರಡನೆಯದಕ್ಕೆ ಉತ್ತರ ಇಲ್ಲದ ಪುಕ್ಕಟೆಯನ್ನು ನೋಡಿ, ಖುಷಿ ಪಡಿ, ಆದರೆ ಅದನ್ನೇ ನಂಬಿ ಮನೆಯ ಬೇರೆ ವೈರುಗಳನ್ನೆಲ್ಲ ಕತ್ತರಿಸಬೇಡಿ.

ನಿಮ್ಮ ಊರಿನಲ್ಲಿ ಲೋಕಲ್ ಚಾನೆಲ್ ಇನ್ನೂ ಬದುಕಿದೆಯೇ? ಹೇಗೆ ನಡೆಸುತ್ತಿದ್ದಾರೆ? ಗೊತ್ತಿದ್ದವರು ಬರೆಯಿರಿ, ತಿಳಿದುಕೊಳ್ಳುವ ಆಸೆಯಿದೆ.