ವಿಲಾಯಿತಿ ಓದಿಗೆ ಸಿದ್ಧತೆ

ಜಾನ್ ಟೇಲರ್ ಕಂಪನಿಯು 1880ರ ದಶಕದಿಂದ ಚಿನ್ನ ತೆಗೆಸಿದ ನಮ್ಮ ಉರಿಗಾಂ ಸೀಮೆಯನ್ನು ಜನರು ‘ಪುಟ್ಟ ಇಂಗ್ಲೆಂಡ್’ ಎನ್ನುತ್ತಿದ್ದರು. ಇಲ್ಲಿ ಬೆಳೆದವರಿಗೆ ವಿಲಾಯಿತಿಯ ವಿದ್ಯಾಭ್ಯಾಸ ಸುಲಭವೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಮುಳ್ಳುಚಮಚ ಹಿಡಿಯುವುದನ್ನು ಕ್ಲಬ್ಬು ಕಲಿಸೀತು (ಅದೂ ಗಣಿಕೂಲಿಗಳ ಮಕ್ಕಳಿಗಲ್ಲ!), ಗುರುವಿನೆದುರು ಸ್ವಂತ ವಿಚಾರವನ್ನಾಡುವುದನ್ನು ಕಲಿಸದು.

ಮೇಷ್ಟರಾಗಿ ನಾನು ಹುಡುಗರಿಗೆ ಕೊಡುತ್ತಿದ್ದ ಉದಾಹರಣೆಯೇ ಬೇರೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಗುರು ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನರ ಚಲನಚಿತ್ರವೊಂದನ್ನು ನೋಡಿದರು. ಯುರೋಪಿನವರು ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು, ನಮ್ಮಲ್ಲಾದರೋ ಅದಿನ್ನೂ ಜೀವಂತ ಎಂದರಂತೆ. ಹಾಗಾದರೆ ಅದನ್ನೇ ಬರೆಯಿರಿ ಎಂದರು ಬ್ರಾಡ್‌ಬರಿ. ದೂರದ ಆ ಚಳಿಯೂರಿನಲ್ಲಿ ಕುಳಿತು ಕನ್ನಡದಲ್ಲೇ ಬರೆದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಮರುವರ್ಷ ಡಾಕ್ಟರೇಟೂ ಬಂತು.