ಕಾಳಿಯ ಕಲ್ಲು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ನಾಯಿಯಿಲ್ಲದ ಅಂಗಳ ವಿರಳ. ಊರನಾಯಿಯ ಜತೆಗೆ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳೂ ಕಾಣಸಿಗುತ್ತವೆ. ತಳಿಯನ್ನು ವಿಚಾರಿಸುವ ಮುನ್ನ ನೀವು ಒಂದು ಕಲ್ಲಿನ ಕಥೆ ಕೇಳಬೇಕು.

ಮದ್ದೂರು ತಾಲೂಕಿನ ಆತಕೂರಿನ ಶಾಸನ ಶಕವರ್ಷ 872ರದು, ಎಂದರೆ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಭಟ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಕಾದ್ದನ್ನು ಬೇಡೆಂದಾಗ, ಆತ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬುದು ಕಟ್ಟಳೆ. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಸನದಲ್ಲಿ ನಾಯಿಯ ಹೆಸರುಂಟು, ತಳಿಯ ಹೆಸರಿಲ್ಲ.

ಸತ್ತ ನಾಯಿಗೇ ಇಷ್ಟು ನೇಮವಿದ್ದ ಮೇಲೆ ನಿಮ್ಮ ಅಂಗಳದ ಬದುಕಿರುವ ನಾಯಿಗೆ ಏನು ಸಲ್ಲಬೇಕು? ಹೊತ್ತಿಗೆ ಸರಿಯಾಗಿ ಅನ್ನ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಣಜಾಗ, ಸೆಖೆಯಲ್ಲಿ ನೆರಳು ನೀರು, ಉಣ್ಣಿ ತೆಗೆಯುವ ಕೈ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮುದಿಯಾದೊಡನೆ ಮೀನುಪೇಟೆಯಲ್ಲಿ ಬಿಟ್ಟು ಬರುವವರಿಗೆ ಯಾವ ತಳಿಯ ನಾಯಿಯೂ ತಕ್ಕುದಲ್ಲ.